ಮೆಷಿನ್ ಸರಿ ಹೋಯ್ತಾ?

ನನಗೆ ಬೇಕಾಗಿದ್ದದ್ದು ಒಂದೇ ಮಾತು. ಹೂಂ, ಇಲ್ಲಾಂದ್ರೆ ಉಹೂಂ.

ಅಮ್ಮನ ಅಕೌಂಟ್ ಇರುವ ಬ್ಯಾಂಕಿನ ಒಳಗೆ, ಬಾಗಿಲ ಪಕ್ಕದಲ್ಲೇ, ಪಾಸ್‌ಬುಕ್ ಎಂಟ್ರಿ ಹಾಕುವ ಮೆಷಿನ್ ಇದೆ. ಪಾಸ್‌ಬುಕ್ಕಿಗೆ ಅಂಟಿಸಿದ ಬಾರ್‌ಕೋಡ್ ಓದಿಕೊಂಡು, ಕರಕರ ಸದ್ದು ಮಾಡಿ, ಎಂಟ್ರಿ ಹಾಕಿ ಕೊಡುತ್ತದೆ. ಅಂದರೆ, ಕೊಡಬೇಕು. ವರ್ಷದಲ್ಲಿ ಆರು ತಿಂಗಳು ಅದರ ಹಣೆಯ ಮೇಲೆ ‘ಔಟ್ ಆಫ್ ಆರ್ಡರ್’ ಅಂತ ಬರೆದ ಚೀಟಿ ಇರುತ್ತದೆ. ಅಮ್ಮನಿಗೆ ಎಸ್‌ಎಂಎಸ್ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಮೊಬೈಲಿನಲ್ಲಿ ಬ್ಯಾಲೆನ್ಸ್ ತೋರಿಸಿದರೆ, "ಅದು ನಿನ್ನ ಫೋನಿನಲ್ಲಿದೆ ಕಣೇ, ನನ್ನ ಪುಸ್ತಕದಲ್ಲಿ ಇಲ್ಲವಲ್ಲ" ಅನ್ನುತ್ತಾಳೆ. ಮೂರು ತಿಂಗಳಿಗೊಮ್ಮೆ ಬೀಳುವ ಬಡ್ಡಿ ಎಷ್ಟೇ ಚಿಲ್ಲರೆಯಾಗಿರಲಿ, ಪುಸ್ತಕದಲ್ಲಿ ಅಚ್ಚಾದರೇನೇ ಅದು ಬಿದ್ದ ಹಾಗೆ.

ನನಗೆ ಬಿಡುವು ಸಿಗುವುದು ಶನಿವಾರ ಮಾತ್ರ. 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ. ನಾವಿರುವುದು ಮೈಸೂರಿನ ಈ ತುದಿ, ಬ್ಯಾಂಕ್ ಇರುವುದು ಹಳೇ ಮನೆಯ ಹತ್ತಿರ, ಆ ತುದಿ. ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಇನ್ನೊಂದು ಬಸ್ ಹತ್ತಬೇಕು. ಹೋದ ದಿನ ಮೆಷಿನ್ ಕೆಟ್ಟಿದ್ದರೆ ಮತ್ತೆ ಎರಡು ವಾರ ಕಾಯಬೇಕು. ಅಷ್ಟು ದಿನವೂ ಅಮ್ಮನ ಮುಖ ನೋಡಬೇಕಾದವಳು ನಾನು. ಅದಕ್ಕೇ ಹೋಗುವ ಮುಂಚೆ ಒಂದು ಫೋನ್ ಮಾಡಿ ಕೇಳಿಬಿಡೋಣ ಅಂದುಕೊಂಡೆ.

ಬ್ರಾಂಚಿನ ಫೋನ್ ಹೊಡೆದುಕೊಂಡು ಹೊಡೆದುಕೊಂಡು ತಾನೇ ಸುಸ್ತಾಯಿತು. ಪಾಸ್‌ಬುಕ್ಕಿನ ಹಿಂದೆ ಅಚ್ಚಾಗಿದ್ದ 1800ರ ನಂಬರ್ ಒತ್ತಿದೆ. ಹಿಂದಿ, ಇಂಗ್ಲಿಷ್, ತಮಿಳು, ತೆಲುಗು ಎಲ್ಲ ದಾಟಿದ ಮೇಲೆ ಕನ್ನಡ ಬಂತು. ಸಾಲ ಬೇಕಿದ್ದರೆ ಒಂದು ಒತ್ತಿ, ಕಾರ್ಡ್ ಕಳೆದಿದ್ದರೆ ಎರಡು ಒತ್ತಿ. ಮೆಷಿನ್ ಸರಿ ಹೋಯ್ತಾ ಅಂತ ಕೇಳಬೇಕಾದವರು ಏನು ಒತ್ತಬೇಕೋ ಯಾರೂ ಹೇಳಲಿಲ್ಲ. ಒಂಬತ್ತು ಒತ್ತಿದೆ. ನನ್ನ ಕರೆ ಅವರಿಗೆ ಬಹಳ ಅಮೂಲ್ಯವಂತೆ. ಅಮೂಲ್ಯವಾದದ್ದನ್ನು ಬೇಗ ಬಿಟ್ಟುಕೊಡುವುದುಂಟೇ? ಎಂಟು ನಿಮಿಷ ಸಂಗೀತ ಕೇಳಿಸಿದರು.

ಆಮೇಲೆ ಒಬ್ಬ ಹುಡುಗಿ ಬಂದಳು. ಒಳ್ಳೆಯ ದನಿ. ಪ್ರಶ್ನೆ ಹೇಳಿದೆ. "ನಿಮಗೆ ಸಹಾಯ ಮಾಡಲು ನನಗೆ ಸಂತೋಷವಾಗುತ್ತದೆ ಮೇಡಂ, ಅದಕ್ಕೂ ಮೊದಲು ಖಾತೆದಾರರ ವಿವರ ಖಚಿತಪಡಿಸಿಕೊಳ್ಳಬಹುದೇ?" ಅಂದಳು. ನನಗೆ ದುಡ್ಡಿನ ಲೆಕ್ಕ ಬೇಡಮ್ಮ, ಮೆಷಿನ್ ಓಡ್ತಿದೆಯಾ ಇಲ್ಲವಾ ಅಷ್ಟೇ ಅಂದೆ. ಖಾತೆದಾರರ ಜೊತೆಗೇ ಮಾತನಾಡಬೇಕಂತೆ. ಫೋನ್ ಅಮ್ಮನ ಕೈಗೆ ಹೋಯಿತು.

"ನಿಮ್ಮ ಜನ್ಮದಿನಾಂಕ ಹೇಳಬಹುದೇ ಮೇಡಂ?"

"ಯಾವುದು? ಸ್ಕೂಲಿನಲ್ಲಿ ಬರೆಸಿದ್ದಾ, ನಿಜದ್ದಾ?"

ಆ ಕಡೆ ಮೌನ. ಈ ಮೌನಕ್ಕೆ ಅವಳ ಹಾಳೆಯಲ್ಲಿ ಸಾಲು ಇರಲಿಲ್ಲ ಅಂತ ಕಾಣುತ್ತೆ. ಅಮ್ಮ ಸುಮ್ನೆ ಇರುವವಳಲ್ಲ. "ಊಟ ಆಯ್ತಾ ಮಗಾ?" ಅಂದಳು. "ಇನ್ನೂ ಇಲ್ಲ ಅಜ್ಜೀ" ಅಂತ ಬಂತು ಉತ್ತರ, ಥಟ್ಟನೆ. ಇಡೀ ಕರೆಯಲ್ಲಿ ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಸಿಕ್ಕಿದ್ದು ಅದೊಂದಕ್ಕೇ. ಮರುಕ್ಷಣವೇ ಅವಳು ‘ಮೇಡಂ’ಗೆ ವಾಪಸಾದಳು.

ಫೋನ್ ನನ್ನ ಕೈಗೆ ಬಂತು. "ಪಾಸ್‌ಬುಕ್ ಮೆಷಿನ್‌ನಿಂದ ನಿಮಗೆ ತೊಂದರೆಯಾಗಿದೆ ಎಂಬುದು ಅರ್ಥವಾಗುತ್ತದೆ ಮೇಡಂ." ತೊಂದರೆ ಆಗಿಲ್ಲ, ಆಗಬಾರದು ಅಂತಲೇ ಫೋನ್ ಮಾಡಿದ್ದು ಅಂದೆ. "ಆಗಿರುವ ತೊಂದರೆಗೆ ವಿಷಾದಿಸುತ್ತೇವೆ ಮೇಡಂ." ನೆಟ್ ಬ್ಯಾಂಕಿಂಗ್ ಬಳಸುವಿರಾ ಅಂದಳು. ಅಮ್ಮನಿಗೆ ಕ್ರೆಡಿಟ್ ಕಾರ್ಡ್ ಬೇಕಾ ಅಂತಲೂ ಕೇಳಿದಳು.

1960ರ ದಶಕದ ಮಧ್ಯದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ವೈಜೆನ್‌ಬಾಮ್ ಎನ್ನುವವರು ಎಲಿಜಾ ಅಂತ ಒಂದು ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದರು. ನೀವು ಟೈಪ್ ಮಾಡಿದ ಮಾತನ್ನೇ ತಿರುವಿ ನಿಮಗೇ ಪ್ರಶ್ನೆಯಾಗಿ ಕೊಡುವುದು ಅದರ ಚಮತ್ಕಾರ. ಎದುರಿಗೆ ಇರುವುದು ಯಂತ್ರ ಅಂತ ಗೊತ್ತಿದ್ದೂ ಜನ ಅದರ ಹತ್ತಿರ ಮನಸ್ಸು ಬಿಚ್ಚುತ್ತಿದ್ದರಂತೆ. ನನ್ನದು ಉಲ್ಟಾ ಕಥೆ. ಊಟ ಮಾಡದೆ ಕೂತಿರುವ ಹುಡುಗಿ ಅಂತ ಗೊತ್ತಿದ್ದೂ ಯಂತ್ರದ ಮೇಲೆ ರೇಗಿದ ಹಾಗೆ ರೇಗಿದೆ.

ಅವಳದೇನೂ ತಪ್ಪಿಲ್ಲ ಅಂತ ಆಮೇಲೆ ಅಕ್ಕನ ಮಗ ಹೇಳಿದ. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡಿದವನು ಅವನು. ಹಗಲು ಶ್ರೀನಿವಾಸ, ರಾತ್ರಿ ಸ್ಯಾಮ್. "ಚಿಕ್ಕಮ್ಮ, ಕಾಲ್ ರೆಕಾರ್ಡ್ ಆಗುತ್ತೆ. ಕ್ವಾಲಿಟಿಯವರು ಕೇಳಿ ಮಾರ್ಕ್ಸ್ ಹಾಕ್ತಾರೆ. ಸಾರಿ ಹೇಳಿದ್ಯಾ, ಹೆಸರು ಹಿಡಿದು ಮಾತಾಡಿದ್ಯಾ, ಕೊನೆಗೆ ಥ್ಯಾಂಕ್ಸ್ ಹೇಳಿದ್ಯಾ, ಇದಕ್ಕೆಲ್ಲ ಮಾರ್ಕ್ಸ್. ಸರಿಯಾದ ಉತ್ತರ ಕೊಟ್ಟು ಸಾರಿ ಮರೆತರೆ ನಾವು ಫೇಲ್" ಅಂದ. ಅಲ್ಲ, ಆ ಹುಡುಗಿ ಯಾವ ಊರಲ್ಲಿ ಕೂತಿದ್ದಳೋ. ನಮ್ಮ ಬ್ರಾಂಚಿನ ಬಾಗಿಲ ಪಕ್ಕದ ಮೆಷಿನ್ ಅವಳಿಗೆ ಕಾಣುವುದಾದರೂ ಹೇಗೆ? ‘ಗೊತ್ತಿಲ್ಲ ಮೇಡಂ’ ಅಂದಿದ್ದರೆ ನನ್ನ ಹದಿನೈದು ನಿಮಿಷ ಉಳಿಯುತ್ತಿತ್ತು. ಆ ಮಾತೊಂದಕ್ಕೆ ಅವಳಿಗೆ ಪರ್ಮಿಶನ್ ಇಲ್ಲ.

ನಮ್ಮ ಬೀದಿಯ ಶೆಟ್ಟರು ನನ್ನನ್ನು ಒಂದು ದಿನಕ್ಕೂ ಮೇಡಂ ಅಂದವರಲ್ಲ. "ಅವಲಕ್ಕಿ ಬಂತಾ?" ಅಂದರೆ "ಬುಧವಾರ" ಅನ್ನುತ್ತಾರೆ, ತಕ್ಕಡಿಯಿಂದ ಕಣ್ಣು ತೆಗೆಯದೆ. ರೈಲ್ವೆ ಸ್ಟೇಷನ್ನಿನ ಎನ್‌ಕ್ವೈರಿಯಲ್ಲಿ ಕೂತವರು ಹಿಂದೆಲ್ಲ ಸಿಡುಕುತ್ತಿದ್ದರು. ಸಿಡುಕಿದರೂ "ಮುಕ್ಕಾಲು ಗಂಟೆ ಲೇಟು" ಅಂತ ಹೇಳಿಯೇ ಸಿಡುಕುತ್ತಿದ್ದರು. ನನಗಂತೂ ಆ ಸಿಡುಕೇ ವಾಸಿ.

ಕೊನೆಗೆ ನನಗೆ ಹತ್ತು ಅಂಕಿಯ ದೂರಿನ ಸಂಖ್ಯೆ ಸಿಕ್ಕಿತು. ನಾನು ದೂರೇ ಕೊಟ್ಟಿರಲಿಲ್ಲ. ಮರುದಿನ ‘ನಿಮ್ಮ ದೂರನ್ನು ಬಗೆಹರಿಸಲಾಗಿದೆ’ ಅಂತ ಎಸ್‌ಎಂಎಸ್ ಬಂತು. ಅಮ್ಮನಿಗೆ ಎಸ್‌ಎಂಎಸ್ ಮೇಲೆ ಯಾಕೆ ನಂಬಿಕೆ ಇಲ್ಲ ಅಂತ ಆಗ ಗೊತ್ತಾಯಿತು.

ಶನಿವಾರ ಎರಡು ಬಸ್ ಹತ್ತಿ ಹೋದೆ. ಬಾಗಿಲಲ್ಲಿ ಕೂತಿದ್ದ ಸೆಕ್ಯೂರಿಟಿಯವರು ನನ್ನ ಕೈಯಲ್ಲಿದ್ದ ಪಾಸ್‌ಬುಕ್ ನೋಡಿದ್ದೇ, "ಮೆಷಿನ್ ಕೆಟ್ಟಿದೆ ಅಕ್ಕಾ, ಮಂಗಳವಾರ ರಿಪೇರಿಯವರು ಬರ್ತಾರೆ" ಅಂದರು. ನಾನಿನ್ನೂ ಬಾಯೇ ಬಿಟ್ಟಿರಲಿಲ್ಲ. ಅಲ್ಲೇ ಅವರ ನಂಬರ್ ಕೇಳಿ ಇಸಕೊಂಡೆ. ಈಗ ನನ್ನ ಫೋನಿನಲ್ಲಿ ‘ಬ್ಯಾಂಕ್’ ಅಂದರೆ ಅವರೇ. ರಶ್ ಇದೆಯಾ, ಮ್ಯಾನೇಜರ್ ಬಂದ್ರಾ, ಹತ್ತು ರೂಪಾಯಿ ಹೊಸ ನೋಟು ಸಿಗುತ್ತಾ, ಎಲ್ಲದಕ್ಕೂ ಅರ್ಧ ನಿಮಿಷದಲ್ಲಿ ಉತ್ತರ.

ಮೊನ್ನೆ ಫೋನ್ ಮಾಡಿದಾಗ ಬೇರೆ ದನಿ. ಅವರು ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದಾರಂತೆ, ಡ್ಯೂಟಿ ಫೋನ್ ಇವರ ಕೈಗೆ ಕೊಟ್ಟು. ಮೆಷಿನ್ ಸರಿ ಇದೆಯಾ ಅಂತ ಕೇಳಿದೆ.

"ನಾನು ಹೊಸಬ ಮೇಡಂ" ಅಂದರು. "ನೀವು ಒಂದ್ಸಲ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿಬಿಡಿ."