ಲೆಬ್ರಾನ್ ಪಾದಕ್ಕೆ ಬಳ್ಳಾರಿಯಲ್ಲಿ ಪಂಚಾಯ್ತಿ

ಬಳ್ಳಾರಿಯಲ್ಲಿ ಕ್ರಿಕೆಟ್ ಬಗ್ಗೆ ಮಾತಾಡೋಕೆ ಯಾರನ್ನೂ ಹುಡುಕಬೇಕಾಗಿಲ್ಲ, ರಾಜಕೀಯಕ್ಕಂತೂ ಜನ ತಾವೇ ಬಂದು ಮೈಮೇಲೆ ಬೀಳುತ್ತಾರೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಮಾತಾಡಬೇಕು ಅಂದರೆ ಮಾತ್ರ ಕಷ್ಟ. ನಮಗೆ ಸಿಕ್ಕಿರೋದು ಒಂದು ಟೀ ಅಂಗಡಿಯ ಬೆಂಚು, ಅದರ ಮೇಲೆ ನಾಲ್ಕೈದು ಜನ. ಎಲ್ಲರೂ ಒಂದು ಕಾಲದಲ್ಲಿ ಕಾಲೇಜು ಟೀಮಿಗೆ ಆಡಿದವರು, ಅಥವಾ ಆಡಿದ್ದೆವು ಅಂತ ಹೇಳಿಕೊಳ್ಳುವವರು. ಈಗ ಯಾರ ಸೊಂಟವೂ ಡಿಫೆನ್ಸಿಗೆ ಬಗ್ಗುವುದಿಲ್ಲ. ಬಾಯಿ ಮಾತ್ರ ಇನ್ನೂ ಫುಲ್ ಫಿಟ್.

2023ರ ಮಾರ್ಚ್ ತಿಂಗಳು ಪೂರ್ತಿ ಆ ಬೆಂಚಿನ ಮೇಲೆ ಇದ್ದದ್ದು ಒಂದೇ ವಿಷಯ. ಲೇಕರ್ಸ್ ಟೀಮಿನ ದೊಡ್ಡ ಆಟಗಾರ ಲೆಬ್ರಾನ್ ಜೇಮ್ಸ್ ಬಲಗಾಲು. ಫೆಬ್ರವರಿ 26ರಂದು ಡಲ್ಲಾಸ್ ಟೀಮಿನ ಮೇಲೆ ಆಡುವಾಗ ಕೆಳಗೆ ಬಿದ್ದು, ಪಾದ ಹಿಡಿದುಕೊಂಡು, ಪಟ್ ಅಂದದ್ದು ಕೇಳಿಸಿತು ಅಂತ ಅವನು ಹೇಳಿದ್ದು ಕ್ಯಾಮೆರಾಗೆ ಸಿಕ್ಕಿಬಿಟ್ಟಿತ್ತು. ಆಮೇಲೂ ಎದ್ದು ಆಡಿದ, 27 ಪಾಯಿಂಟ್ ಹಿಂದೆ ಬಿದ್ದಿದ್ದ ಲೇಕರ್ಸ್ ಆ ಮ್ಯಾಚ್ ಗೆದ್ದಿತು, ಅದಾದ ಮೇಲೆ ಮನೆಯಲ್ಲಿ ಕೂತ. ವಯಸ್ಸು ಆಗಲೇ 38. ಅದೇ ಫೆಬ್ರವರಿ 7ನೇ ತಾರೀಕು, ಎನ್‌ಬಿಎಯಲ್ಲಿ ಅತಿ ಹೆಚ್ಚು ಪಾಯಿಂಟ್ ಹೊಡೆದವನು ಅಂತ ಹಳೇ ಆಟಗಾರ ಕರೀಮ್ ಅಬ್ದುಲ್ ಜಬ್ಬಾರ್ ಹೆಸರಲ್ಲಿದ್ದ 38,387 ಪಾಯಿಂಟ್‌ಗಳ ದಾಖಲೆ ಮುರಿದು ಹಾರ ಹಾಕಿಸಿಕೊಂಡಿದ್ದ ಮನುಷ್ಯ, ತಿಂಗಳು ಮುಗಿಯುವಷ್ಟರಲ್ಲಿ ಕುಂಟುತ್ತಿದ್ದ.

ಲೇಕರ್ಸ್ ಆ ವರ್ಷ ಮೊದಲ 12 ಮ್ಯಾಚುಗಳಲ್ಲಿ 10 ಸೋತಿತ್ತು. ಫೆಬ್ರವರಿಯಲ್ಲಿ ಅರ್ಧ ಟೀಮನ್ನೇ ಬದಲಾಯಿಸಿ ಹೇಗೋ ಸುಧಾರಿಸಿಕೊಳ್ಳುತ್ತಿತ್ತು. ಕಾನ್ಫರೆನ್ಸಿನಲ್ಲಿ, ಅಂದರೆ ಲೀಗಿನ ಎರಡು ಭಾಗಗಳಲ್ಲಿ ಒಂದರಲ್ಲಿ, ಮೊದಲ ಆರು ಟೀಮಿಗೆ ನೇರವಾಗಿ ಪ್ಲೇಆಫ್ ಅನ್ನುವ ಕೊನೆಯ ಸುತ್ತುಗಳು, ಏಳರಿಂದ ಹತ್ತರವರೆಗಿನವರು ಪ್ಲೇ-ಇನ್ ಅನ್ನುವ ಅರ್ಹತಾ ಮ್ಯಾಚ್ ಆಡಿ ಗೆದ್ದು ಒಳಗೆ ಬರಬೇಕು. ಅಂದರೆ ಒಂದೊಂದು ಮ್ಯಾಚೂ ಲೆಕ್ಕಕ್ಕೆ ಬರುವ ಹೊತ್ತು. ಈಗ ಹೇಳಿ, ಇವನು ವಾಪಸ್ ಬರಬೇಕೋ ಬೇಡವೋ?

ಬೇಡ ಅಂದವರು ಮಾಮ. ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದಾರೆ, ಊರಿಗೆಲ್ಲ ಮಾಮ. ಮಾತ್ರೆ ಕೊಡುವಾಗ ಜೊತೆಗೆ ಸಲಹೆಯನ್ನೂ ಫ್ರೀಯಾಗಿ ಕೊಡುವುದು ಅಭ್ಯಾಸ. ಅವರ ಬತ್ತಳಿಕೆಯಲ್ಲಿ ಇದ್ದದ್ದು ಇನ್ನೊಬ್ಬ ಎನ್‌ಬಿಎ ಆಟಗಾರ ಕೆವಿನ್ ಡ್ಯುರಾಂಟ್ ಕತೆ. 2019ರಲ್ಲಿ ಮೀನಖಂಡ ನೋವು ಮಾಡಿಕೊಂಡು ಒಂದು ತಿಂಗಳು ಕೂತಿದ್ದವನನ್ನು ಜೂನ್ 10ರಂದು ಫೈನಲ್ಸ್ ಸರಣಿಯ ಐದನೇ ಮ್ಯಾಚಿಗೆ ಇಳಿಸಿದರು. 12 ನಿಮಿಷ ಆಡಿದ, 11 ಪಾಯಿಂಟ್ ಹೊಡೆದ, ಅಷ್ಟರಲ್ಲಿ ಹಿಮ್ಮಡಿ ಮೇಲಿನ ಅಕಿಲಿಸ್ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಹರಿದೇ ಹೋಯಿತು. ಮುಂದಿನ ಸೀಸನ್ ಇಡೀ ಹೋಯಿತು. ‘ಹನ್ನೆರಡು ನಿಮಿಷಕ್ಕೆ ಒಂದು ವರ್ಷ ಕೊಟ್ಟ ನೋಡ್ರಿ’ ಅಂತ ಮಾಮ ಬೆರಳು ಮಡಚಿ ತೋರಿಸುತ್ತಿದ್ದರು.

ಆಡಲೇಬೇಕು ಅಂದವರು ಜೀನ್ಸ್ ಅಣ್ಣ. ಜೀನ್ಸ್ ಹೊಲಿಸುವ ಸಣ್ಣ ಯೂನಿಟ್ ಇದೆ. ಅವರದು 1970ರ ವಿಲ್ಲಿಸ್ ರೀಡ್ ಕತೆ. ಫೈನಲ್ಸಿನ ಏಳನೇ ಮ್ಯಾಚು, ತೊಡೆಯ ಸ್ನಾಯು ಹರಿದಿದೆ, ಆಡುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಆಗ ಕುಂಟುತ್ತಾ ಬರ್ತಾನೆ, ಮೊದಲ ಎರಡು ಬಾಲ್ ಬಾಸ್ಕೆಟ್ಟಿಗೆ ಹಾಕ್ತಾನೆ, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣವೇ ಎದ್ದು ನಿಲ್ಲುತ್ತೆ, ಅವನ ಟೀಮು ನ್ಯೂಯಾರ್ಕ್ ನಿಕ್ಸ್ ಗೆದ್ದುಬಿಡುತ್ತೆ. ಜೀನ್ಸ್ ಅಣ್ಣ ಇದನ್ನು ಹೇಳುವುದು ಕೇಳಿದರೆ ಆವತ್ತು ಗೇಟಲ್ಲಿ ಟಿಕೆಟ್ ಹರಿದವರು ಇವರೇ ಅನ್ನಿಸಬೇಕು. 1970ರಲ್ಲಿ ಅವರು ಹುಟ್ಟಿರಲಿಲ್ಲ. ಇನ್ನೊಂದು ವಿಷಯ ಅವರು ಹೇಳುವುದಿಲ್ಲ: ರೀಡ್ ಆ ಮ್ಯಾಚಿನಲ್ಲಿ ಹೊಡೆದದ್ದು ಆ 4 ಪಾಯಿಂಟ್ ಮಾತ್ರ. 36 ಪಾಯಿಂಟ್ ಹೊಡೆದು, 19 ಅಸಿಸ್ಟ್ (ಜೊತೆಯವರು ಪಾಯಿಂಟ್ ಹೊಡೆಯುವಂಥ ಪಾಸ್) ಕೊಟ್ಟು ನಿಜವಾಗಿ ಗೆಲ್ಲಿಸಿದವನು ಅದೇ ಟೀಮಿನ ವಾಲ್ಟ್ ಫ್ರೇಜಿಯರ್. ಪಾಪ, ಅವನು ಕುಂಟಲಿಲ್ಲ, ಅದಕ್ಕೇ ನಮ್ಮ ಬೆಂಚಿನಲ್ಲಿ ಅವನಿಗೆ ಜಾಗ ಇಲ್ಲ.

ವಾದ ಬಿಸಿಯಾದಾಗ ಜೀನ್ಸ್ ಅಣ್ಣ ಲೇಕರ್ಸಿನ ಹಳೇ ಸ್ಟಾರ್ ಕೋಬಿ ಬ್ರಯಾಂಟ್‌ನನ್ನು ಎಳೆದು ತರುತ್ತಿದ್ದರು. 2013ರಲ್ಲಿ ಅಕಿಲಿಸ್ ಹರಿದುಕೊಂಡ ಮೇಲೂ ಎರಡು ಫ್ರೀ ಥ್ರೋ ಹಾಕಿಯೇ ಒಳಗೆ ಹೋದ, ಗಂಡಸು ಅಂದ್ರೆ ಅದು!

‘ಡಿಸೆಂಬರಲ್ಲಿ ವಾಪಸ್ ಬಂದು ಆರು ಮ್ಯಾಚಿಗೇ ಮೊಣಕಾಲು ಮುರಕೊಂಡ, ಅದನ್ನ ಯಾಕೆ ಹೇಳಲ್ಲ?’ ಅಂತ ಮಾಮ.

‘ನೀವು ಬರೀ ಮುರಿದದ್ದೇ ಎಣಿಸ್ತೀರಿ ಮಾಮ.’

‘ನನ್ನ ವ್ಯಾಪಾರನೇ ಅದಲ್ಲೇನಪ್ಪ.’

ಮೂರನೆಯವರು ಲೆಕ್ಕದ ಮೇಷ್ಟ್ರು. ಅವರದು ಯಾರಿಗೂ ಬೇಡವಾದ ವಾದ. ಲೆಬ್ರಾನ್ ಇಲ್ಲದೆ ಲೇಕರ್ಸ್ 13 ಮ್ಯಾಚ್ ಆಡಿ 8 ಗೆದ್ದಿತ್ತು. ‘ಅಂದ ಮೇಲೆ ಅವನು ಬೇಕಾ?’ ಅಂದರು. ಆ ದಿನ ಅವರಿಗೆ ಟೀ ಬರುವುದು ತುಂಬಾ ತಡವಾಯಿತು.

ಕೊನೆಗೆ ಪಂದ್ಯ ಕಟ್ಟಿದರು. ಸೀಸನ್ ಮುಗಿಯುವ ಹೊತ್ತಿಗೆ ಯಾರ ಮಾತು ಸುಳ್ಳಾಗುತ್ತದೋ ಅವರು ಎಲ್ಲರಿಗೂ ಒಗ್ಗರಣೆ-ಮಿರ್ಚಿ ಕೊಡಿಸಬೇಕು. ನಾನು ಯಾವ ಕಡೆಗೂ ಹೋಗಲಿಲ್ಲ. ಸುಮ್ನೆ ಕೂತು ನೋಡಿದರೆ ಒಂದು ವಿಷಯ ಗೊತ್ತಾಗುತ್ತಿತ್ತು, ಇಲ್ಲಿ ಯಾರೂ ಲೆಬ್ರಾನ್ ಕಾಲಿನ ಬಗ್ಗೆ ಮಾತಾಡುತ್ತಿಲ್ಲ, ಎಲ್ಲರೂ ತಮ್ಮ ತಮ್ಮ ಕಾಲಿನ ಬಗ್ಗೆಯೇ ಮಾತಾಡುತ್ತಿದ್ದಾರೆ. ಮಾಮನಿಗೆ ಎರಡೂ ಮೊಣಕಾಲು ನೋವು, ಮೆಟ್ಟಿಲು ಕಂಡರೆ ನಿಂತು ಯೋಚನೆ ಮಾಡುತ್ತಾರೆ. ಜೀನ್ಸ್ ಅಣ್ಣ ತಮ್ಮ ಯೂನಿಟ್ಟಿನ ಹುಡುಗರಿಗೆ ಜ್ವರ ಬಂದರೂ ‘ಬಾರಪ್ಪ, ಮಷೀನ್ ಮುಂದೆ ಸುಮ್ನೆ ಕೂತ್ಕೊ ಸಾಕು’ ಅನ್ನುವ ಮನುಷ್ಯ, ತಮಗೆ ನೆಗಡಿ ಬಂದರೆ ಮಾತ್ರ ಎರಡು ದಿನ ಶಟರ್ ಎತ್ತುವುದಿಲ್ಲ. ಆಡಲಿ ಆಡಲಿ ಅಂತ ಜಾಸ್ತಿ ಕೂಗುವವರು ಯಾಕೋ ಯಾವಾಗಲೂ ಇಂಥವರೇ.

ಈ ಗಲಾಟೆಯಲ್ಲಿ ನಷ್ಟ ಆದದ್ದು ನನಗೆ. ಒಂದು ಬೆಳಗ್ಗೆ ಮಾಮನಿಗೆ ಪಾದದ ಟೆಂಡನ್ ಅಂದರೆ ಏನು ಅಂತ ತೋರಿಸುವ ಉತ್ಸಾಹ ಬಂತು. ಟೇಬಲ್ ಮೇಲೆ ಬೇರೆ ಏನೂ ಸಿಗಲಿಲ್ಲ. ‘ಕಾಲು ಕೊಡಿ ಇಲ್ಲಿ’ ಅಂದವರೇ ನನ್ನ ಬಲಗಾಲಿನ ಹವಾಯಿ ಚಪ್ಪಲಿ ಬಿಚ್ಚಿಸಿ ಕೈಗೆ ತಗೊಂಡರು. ಅಟ್ಟೆ ಪಾದ ಅಂತೆ, ಮೇಲಿನ ಪಟ್ಟಿ ಟೆಂಡನ್ ಅಂತೆ. ‘ಮನುಷ್ಯ ನಿಂತಿದ್ದಾಗ ಇಷ್ಟು ಎಳೆತ’ ಅಂತ ಹೆಬ್ಬೆರಳು ತೂರಿಸಿ ಸ್ವಲ್ಪ ಎಳೆದರು. ‘ಓಡಿದಾಗ ಇಷ್ಟು.’ ಪಟ್ಟಿ ಬೆಳ್ಳಗಾಯಿತು. ‘ಹಾರಿ ಕೆಳಗೆ ಬಂದಾಗ...’ ಅಂದರು ನೋಡಿ, ಅಂಗುಷ್ಠದ ಹತ್ತಿರದ ಗುಂಡಿ ಅಟ್ಟೆಯಿಂದ ಕಿತ್ತು ಹಾರಿ ಪಕ್ಕದವರ ಟೀ ಗ್ಲಾಸಿಗೆ ಬಿತ್ತು. ಶಬ್ದ ಎಲ್ಲರಿಗೂ ಕೇಳಿಸಿತು. ‘ಹಾ, ಇದೇ!’ ಅಂತ ಮಾಮನಿಗೆ ಪರಮಾನಂದ. ನನ್ನ ಚಪ್ಪಲಿಯ ಬಗ್ಗೆ ಅಲ್ಲಿ ಒಬ್ಬರೂ ಸಂತಾಪ ಹೇಳಲಿಲ್ಲ. ಟೀ ಬದಲು ಇನ್ನೊಂದು ಟೀ ಮಾತ್ರ ಬಂತು, ಅದೂ ನನ್ನ ಖಾತೆಯಲ್ಲಿ.

ಒಂದು ಕಾಲಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು, ಮಾರ್ಚ್ ತಿಂಗಳ ಬಳ್ಳಾರಿ ರೋಡು. ಒಂಬತ್ತು ಗಂಟೆಗೇ ಡಾಂಬರು ಕಾಯಲು ಶುರು ಮಾಡಿರುತ್ತದೆ. ನಾನು ಕುಂಟುತ್ತಾ ಹೋಗುವುದನ್ನು ನೋಡಿ ಎದುರಿಗೆ ಬಂದ ಪರಿಚಯದವರು ‘ಏನಾಯ್ತು ಕಾಲಿಗೆ?’ ಅಂತ ಕೇಳಿದರು, ಲೆಬ್ರಾನ್ ವಿಷಯ ಎಲ್ಲಿಂದ ಶುರು ಮಾಡಲಿ ಅಂತ ಗೊತ್ತಾಗದೆ ಉಳುಕಿದೆ ಅಂದೆ. ಚಪ್ಪಲಿ ಹೊಲಿಯುವ ಯಜಮಾನರು ಅದನ್ನು ತಿರುಗಿಸಿ ನೋಡಿ, ಹಿಂದಿನಿಂದ ಒಂದು ರಬ್ಬರ್ ತುಂಡು ಕೊಟ್ಟು, ಎರಡು ಹೊಲಿಗೆ ಹಾಕಿ ಮುಂದೆ ಇಟ್ಟರು. ‘ನಡೀರಿ, ತೊಂದ್ರಿಲ್ಲ. ಓಡಬ್ಯಾಡ್ರಿ’ ಅಂದರು. ಲೆಬ್ರಾನ್ ಪಾದದ ಬಗ್ಗೆ ಆ ತಿಂಗಳು ನಾನು ಕೇಳಿದ್ದರಲ್ಲೆಲ್ಲ ಸರಿಯಾದ ವೈದ್ಯಕೀಯ ಸಲಹೆ ಅಂದರೆ ಇದೇ.

ಅಷ್ಟರಲ್ಲಿ ಲೆಬ್ರಾನ್ ಬಂದೇಬಿಟ್ಟ. ಇಬ್ಬರು ಡಾಕ್ಟರು ಆಪರೇಷನ್ ಬೇಕು ಅಂದಿದ್ದರಂತೆ. ಆಮೇಲೆ ‘ಪಾದಗಳ ಲೆಬ್ರಾನ್ ಜೇಮ್ಸ್’ ಅನ್ನುವಂಥ ಒಬ್ಬ ಡಾಕ್ಟರ ಹತ್ತಿರ ಹೋದೆ, ಅವರು ಬೇಡ ಅಂದರು, ಅಂತ ಅವನೇ ಹೇಳಿದ. ಇದನ್ನು ಕೇಳಿ ಬೆಂಚಿನಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ಆಪರೇಷನ್ ಬೇಡ ಅನ್ನುವ ಡಾಕ್ಟರು ಸಿಗುವವರೆಗೂ ಹುಡುಕುವುದು ನಮ್ಮ ಮನೆಗಳಲ್ಲಿ ಮೊದಲಿಂದ ಇರುವ ಪದ್ಧತಿ. ನಮ್ಮ ಅತ್ತೆಯ ಮೊಣಕಾಲು ಇದೇ ಕಾರಣಕ್ಕೆ ಹುಬ್ಬಳ್ಳಿ ನೋಡಿದೆ, ಬೆಂಗಳೂರು ನೋಡಿದೆ, ಹೈದರಾಬಾದ್ ನೋಡಿದೆ. ಅತ್ತೆ ಮಾತ್ರ ಇನ್ನೂ ಚಾರ್ಮಿನಾರ್ ನೋಡಿಲ್ಲ.

ಮಾರ್ಚ್ 26ರ ಮ್ಯಾಚು, ಚಿಕಾಗೋ ಬುಲ್ಸ್ ಮೇಲೆ. ನಮಗೆ ಅದು 27ರ ರಾತ್ರಿ ಒಂದು ಗಂಟೆ. ಅಷ್ಟು ದೊಡ್ಡ ಆಟಗಾರ ಮೊದಲ ಐದರಲ್ಲಿ ಇಲ್ಲದೆ ಬೆಂಚಿನಿಂದ ಎದ್ದು ಬರುತ್ತಾನೆ, ಅವನ ಇಷ್ಟು ವರ್ಷದ ಆಟದಲ್ಲಿ ಇದು ಎರಡನೇ ಸಲ ಅಷ್ಟೇ. ಆ ಗಳಿಗೆ ನೋಡೋಣ ಅಂತ ಮೊಬೈಲನ್ನು ಚೊಂಬಿಗೆ ಒರಗಿಸಿ ಕಾಯುತ್ತಿದ್ದೆ. ಅವನು ಎದ್ದು ಟೀ ಶರ್ಟ್ ಬಿಚ್ಚಬೇಕು, ನಲ್ಲಿಯಲ್ಲಿ ಬುಸ್ ಅಂತ ಗಾಳಿ ಬಂತು. ಬಳ್ಳಾರಿಯವರಿಗೆ ಆ ಶಬ್ದದ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ, ಬಂದಾಗ ಹಿಡಿದುಕೊಂಡವನೇ ಜಾಣ. ‘ನೀರು ಬಂತು ನೋಡ್ರೀ’ ಅಂತ ಒಳಗಿಂದ ಕೂಗು. ಒರಗಿಸಿದ್ದ ಚೊಂಬೇ ಮೊದಲು ಹೋಯಿತು, ಮೊಬೈಲ್ ಅಂಗಾತ ಬಿತ್ತು. ಸಂಪು, ಡ್ರಮ್ಮು, ಕೊಡ, ಕೊನೆಗೆ ಇಡ್ಲಿ ಪಾತ್ರೆ ತುಂಬಿಸಿ ಬರುವಷ್ಟರಲ್ಲಿ ಲೆಬ್ರಾನ್ 19 ಪಾಯಿಂಟ್ ಹೊಡೆದು, ಲೇಕರ್ಸ್ 118-108ರಲ್ಲಿ ಸೋತು, ಎಲ್ಲ ಮುಗಿದಿತ್ತು.

‘ಬಂದ, ಸೋತರು’ ಅಂತ ಮಾರನೇ ದಿನ ಮಾಮ ಮಿರ್ಚಿಗೆ ಆರ್ಡರ್ ಕೊಡಲು ಹೊರಟಿದ್ದರು. ತಡೀರಿ ಇನ್ನೂ ಸೀಸನ್ ಮುಗಿದಿಲ್ಲ ಅಂತ ಜೀನ್ಸ್ ಅಣ್ಣ ತಡೆದರು.

ತಡೆದದ್ದು ಸರಿಯೇ ಆಯಿತು. 43 ಗೆಲುವು, 39 ಸೋಲಿನಲ್ಲಿ ಏಳನೇ ಜಾಗ, ಪ್ಲೇ-ಇನ್‌ನಲ್ಲಿ ಓವರ್‌ಟೈಮಿಗೆ ಹೋಗಿ ಮಿನ್ನೆಸೋಟಾ ಮೇಲೆ ಗೆಲುವು, ಮೊದಲ ಸುತ್ತಿನಲ್ಲಿ ಮೆಂಫಿಸ್ ಔಟ್. ಮುಂದೆ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಆ ಸರಣಿಯ ಆರನೇ ಮ್ಯಾಚು ನಮಗೆ ಬಂದದ್ದು ಮೇ 13ರ ಬೆಳಗ್ಗೆ ಏಳೂವರೆಗೆ. ಅವತ್ತು ವಿಧಾನಸಭೆ ಚುನಾವಣೆಯ ಎಣಿಕೆ. ಎಂಟಕ್ಕೆ ಎಣಿಕೆ ಶುರು, ಏಳಕ್ಕೇ ಟಿವಿ ಅಪ್ಪನ ವಶ. ನಾನು ಮೂಲೆಯಲ್ಲಿ ಮೊಬೈಲ್ ಹಿಡಿದು, ಕಿವಿಗೆ ಇಯರ್‌ಫೋನ್ ಸಿಗಿಸಿಕೊಂಡು ಕೂತಿದ್ದೆ. ಪಕ್ಕದ ಮನೆ ಅಂಕಲ್ ಉಸಿರು ಬಿಡುತ್ತಾ ಬಂದರು, ನನ್ನ ಮುಖದ ಖುಷಿ ನೋಡಿ ನನ್ನನ್ನೇ ಕೇಳಿದರು, ‘ಯಾರು ಲೀಡಿಂಗ್?’

‘ಲೇಕರ್ಸ್’ ಅಂದೆ.

‘ಯಾರಪ್ಪ ಅದು, ಪಕ್ಷೇತರಾನಾ?’

122-101ರಲ್ಲಿ ಗೆದ್ದರು, ಲೆಬ್ರಾನ್ 30 ಪಾಯಿಂಟ್. ಸ್ವಲ್ಪ ಹೊತ್ತಿಗೆಲ್ಲ ಬೀದಿಯಲ್ಲಿ ಪಟಾಕಿ ಹಾರಿತು, ಅದು ಬೇರೆಯವರಿಗೆ, ನಾನು ನಮ್ಮದಕ್ಕೇ ಅಂದುಕೊಂಡೆ.

ಆಮೇಲಿನ ಸುತ್ತಿನಲ್ಲಿ ಡೆನ್ವರ್ ಟೀಮು ಬಂದು 4-0 ಮಾಡಿ ಕಳಿಸಿತು. ಕೊನೆಯ ಮ್ಯಾಚಿನಲ್ಲಿ ಅದೇ ಕೆಟ್ಟ ಕಾಲಿನಲ್ಲಿ 48 ನಿಮಿಷದಲ್ಲಿ ನಾಲ್ಕು ಸೆಕೆಂಡ್ ಬಿಟ್ಟು ಪೂರ್ತಿ ಆಡಿ 40 ಪಾಯಿಂಟ್ ಹೊಡೆದ, ಆದರೂ 113-111ರಲ್ಲಿ ಸೋಲು. ಮುಗಿದ ಮೇಲೆ ಮುಂದಿನ ವರ್ಷ ಆಡುವ ಬಗ್ಗೆ ಯೋಚಿಸಬೇಕು ಅಂತ ಬೇರೆ ಅಂದ.

ಮಿರ್ಚಿ ಲೆಕ್ಕ ಇತ್ಯರ್ಥ ಮಾಡಲು ಎಲ್ಲರೂ ಸೇರಿದರು. ಈಗ ನೋಡಿ ತಮಾಷೆ. ‘ಆಡಬಾರದು ಅಂದಿದ್ದು ಮಾರ್ಚಲ್ಲಿ. ಏಪ್ರಿಲಲ್ಲಿ ಆಡಬಹುದು ಅಂತಾನೇ ಇದ್ದೆ. ನಲವತ್ತು ಪಾಯಿಂಟ್ರೀ!’ ಅಂತ ಮಾಮ. ‘ರೆಸ್ಟ್ ಕೊಟ್ಟು ಆಪರೇಷನ್ ಮಾಡಿಸಿದ್ರೆ ಮುಂದಿನ ವರ್ಷಕ್ಕೆ ಗಟ್ಟಿ ಆಗ್ತಿದ್ದ, ನನಗೆ ಅವತ್ತೇ ಅನಿಸಿತ್ತು’ ಅಂತ ಜೀನ್ಸ್ ಅಣ್ಣ. ಅವನಿಲ್ಲದಾಗ 8-5, ಡೆನ್ವರ್ ಮೇಲೆ ಅವನಿದ್ದು 0-4 ಅಂತ ಮೇಷ್ಟ್ರು ಬಹಳ ಸಮಾಧಾನದಿಂದ ಹೇಳಿದರು. ಎಲ್ಲರ ಮಾತೂ ನಿಜವಾಗಿತ್ತು. ಸೋತವರೇ ಇಲ್ಲ. ಅಷ್ಟರಲ್ಲಿ ಎರಡು ಪ್ಲೇಟ್ ಮಿರ್ಚಿ ಖಾಲಿಯಾಗಿ ಮೂರನೆಯದು ಎಣ್ಣೆಯಲ್ಲಿತ್ತು.

ಅಂಗಡಿಯವನು ಪುಸ್ತಕ ತೆಗೆದು ನನ್ನ ಹೆಸರಿನ ಕೆಳಗೆ ಬರೆಯಲು ಶುರು ಮಾಡಿದ. ನನಗ್ಯಾಕಪ್ಪ ಅಂದೆ.

‘ಎಲ್ಲಾರೂ ಕರೆಕ್ಟ್ ಹೇಳ್ಯಾರಲ್ಲ ಸರ್, ಏನೂ ಹೇಳದವ್ರು ನೀವೊಬ್ರೇ.’