ನೂರಿಪ್ಪತ್ತು ಡಾಲರಿನ ಸೂಜಿ, ಇಪ್ಪತ್ತೈದು ಡಾಲರಿನ ಸೂಜಿ

ಎರಡು ವರ್ಷದ ಹಿಂದೆ ನನ್ನ ಬಲ ಹೆಗಲು ಹಿಡಿದುಕೊಂಡಿತು. ಶರ್ಟಿನ ತೋಳಿಗೆ ಕೈ ತೂರಿಸಲು ಹೆಂಡತಿ ಬರಬೇಕು, ಕಾರಿನ ಸೀಟ್ ಬೆಲ್ಟ್ ಎಳೆಯಲು ಎಡಗೈ ಬೇಕು. ಇನ್ಶೂರೆನ್ಸ್ ಕೊಡುವಷ್ಟು ಫಿಜಿಯೋಥೆರಪಿ ಮುಗಿಯಿತು, ನೋವು ಮುಗಿಯಲಿಲ್ಲ. ಆಫೀಸಿನಲ್ಲಿ ಯಾರೋ ಅಕ್ಯುಪಂಕ್ಚರ್ ಅಂದರು, ಮೈಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ. ನಾನಿರುವ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಇದಕ್ಕೇನೂ ಬರವಿಲ್ಲ. ಮೊದಲು ಹೋದ ಕಡೆ ಮಂದ ಬೆಳಕು, ಕುಂಡದಲ್ಲಿ ಬಿದಿರು, ಎಲ್ಲೋ ನೀರು ತೊಟ್ಟಿಕ್ಕುವ ರೆಕಾರ್ಡಿಂಗು, ಅಷ್ಟು ದೊಡ್ಡ ಕೋಣೆಯಲ್ಲಿ ನಾನೊಬ್ಬನೇ. ಬಿಲ್ಲು 120 ಡಾಲರ್. ವಾರಕ್ಕೆ ಎರಡು ಸಲ ಬರಬೇಕು ಅಂದರು. ಅಲ್ಲೇ ನಿಂತು ಮನಸ್ಸಿನಲ್ಲೇ ಗುಣಾಕಾರ ಮಾಡಿದೆ, ಹೆಗಲು ಇನ್ನೂ ಜಾಸ್ತಿ ನೋಯಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಎರಡನೇ ಜಾಗ ನೋಡಿದಾಗ ತಪ್ಪು ವಿಳಾಸಕ್ಕೆ ಬಂದೆನೇನೋ ಅನ್ನಿಸಿತು. ಒಂದೇ ಹಾಲ್, ಗೋಡೆಯುದ್ದಕ್ಕೂ ಹನ್ನೊಂದು ರಿಕ್ಲೈನರ್ ಕುರ್ಚಿ, ಒಂದಕ್ಕೊಂದು ಹೊಂದಾಣಿಕೆ ಇಲ್ಲದವು. ಅರ್ಧಕ್ಕರ್ಧ ಕುರ್ಚಿಗಳಲ್ಲಿ ಜನ ಪ್ಯಾಂಟು ಮಂಡಿವರೆಗೆ ಮಡಚಿಕೊಂಡು ಮಲಗಿದ್ದಾರೆ. ಒಬ್ಬಾತ ಕಟ್ಟಡ ಕೆಲಸದ ದಪ್ಪ ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಗೊರಕೆ ಹೊಡೆಯುತ್ತಿದ್ದ. ಕೌಂಟರಿನ ಚೀಟಿಯಲ್ಲಿ 20ರಿಂದ 50 ಡಾಲರ್, ನಿಮಗೆ ಎಷ್ಟು ಆಗುತ್ತದೋ ಅಷ್ಟು ಕೊಡಿ ಅಂತಿತ್ತು. ಸಂಬಳದ ಚೀಟಿ ಕೇಳಲಿಲ್ಲ, ಮುಖವನ್ನೂ ನೋಡಲಿಲ್ಲ. ನಾನು 25 ಕೊಟ್ಟೆ. ಐಟಿ ಕೆಲಸದವನು 25 ಕೊಟ್ಟೆನಲ್ಲ ಅಂತ ಮನೆಗೆ ಬರುವ ದಾರಿಯಲ್ಲಿ ಚುಚ್ಚಿತು. ಮುಂದಿನ ಸಲದಿಂದ 40.

ಆ ಸೂಜಿ ನಾವಂದುಕೊಂಡ ಹಾಗಿರುವುದಿಲ್ಲ. ಇಂಜೆಕ್ಷನ್ ಸೂಜಿಯಂತೆ ಒಳಗೆ ಟೊಳ್ಳಿಲ್ಲ, ದಪ್ಪ ಕೂದಲಿನಷ್ಟು ಸಣ್ಣ, ಒಂದೇ ಸಲ ಬಳಸಿ ಬಿಸಾಕುವಂಥದ್ದು. ಪ್ಲಾಸ್ಟಿಕ್ ಕೊಳವೆ ಚರ್ಮದ ಮೇಲಿಟ್ಟು ಬೆರಳಲ್ಲಿ ಟಕ್ ಅಂತ ತಟ್ಟುತ್ತಾರೆ, ಮುಗಿಯಿತು. ಹೆಬ್ಬೆರಳು ತೋರುಬೆರಳ ನಡುವಿನ ದಿಣ್ಣೆಗೆ ಚುಚ್ಚಿದಾಗ ನೋವಲ್ಲ, ಏನೋ ಭಾರ, ಒಳಗಿನಿಂದ ಜಗ್ಗಿದ ಹಾಗೆ. ಇದನ್ನು ಚೀನೀಯರು ದೆಚಿ ಅನ್ನುತ್ತಾರಂತೆ. ನೋವಿದ್ದದ್ದು ಹೆಗಲಿಗೆ, ಸೂಜಿ ಬಿದ್ದದ್ದು ಎಡಗಾಲಿಗೆ, ಕಿವಿಗೆ, ಕೈಗೆ. "ಎದ್ದಾಗ ಕಣ್ಣು ಬಿಟ್ಟು ನನ್ನ ಕಡೆ ನೋಡಿ, ನಾನೇ ಬರ್ತೀನಿ" ಅಂತ ಹೇಳಿ ಸೂಜಿ ಹಾಕಿದಾಕೆ ಮುಂದಿನ ಕುರ್ಚಿಗೆ ಹೋದಳು. ನಲವತ್ತೈದು ನಿಮಿಷ ಸತ್ತವನ ಹಾಗೆ ನಿದ್ದೆ.

ಕಮ್ಮಿ ರೇಟಿನ ಗುಟ್ಟು ಆ ಕಾಲು, ಕಿವಿ, ಕೈಯಲ್ಲೇ ಇದೆ. ಮೊಣಕೈ ಕೆಳಗೆ, ಮಂಡಿ ಕೆಳಗೆ, ತಲೆ, ಕಿವಿ, ಇಷ್ಟರಲ್ಲೇ ಕೆಲಸ ಮುಗಿಸಿದರೆ ಬಟ್ಟೆ ಬಿಚ್ಚಿಸಬೇಕಿಲ್ಲ. ಬಟ್ಟೆ ಬಿಚ್ಚಿಸದಿದ್ದರೆ ಪ್ರತ್ಯೇಕ ಕೋಣೆ ಬೇಡ. ಒಬ್ಬರು ಗಂಟೆಗೆ ಐದಾರು ಜನರನ್ನು ನೋಡಬಹುದು, ಬಾಡಿಗೆ ಎಲ್ಲರಿಗೂ ಹಂಚಿಹೋಗುತ್ತದೆ. 2002ರಲ್ಲಿ ಇದೇ ಊರಿನಲ್ಲಿ ಲೀಸಾ ರೋಲೆಡರ್ ಮತ್ತು ಸ್ಕಿಪ್ ವ್ಯಾನ್ ಮೀಟರ್ 'ವರ್ಕಿಂಗ್ ಕ್ಲಾಸ್ ಅಕ್ಯುಪಂಕ್ಚರ್' ಅಂತ ಶುರು ಮಾಡಿದ್ದು ಈ ಲೆಕ್ಕಾಚಾರದ ಮೇಲೆಯೇ. ಆಗ ರೇಟು 15ರಿಂದ 35 ಡಾಲರ್. 2011ರಲ್ಲಿ ಇಂಥ ಹಲವು ಕ್ಲಿನಿಕ್ಕುಗಳು ಸೇರಿ ಪೋಕಾ ಅನ್ನುವ ಸಹಕಾರಿ ಸಂಘ ಕಟ್ಟಿಕೊಂಡವು.

ಬೇರು ಇನ್ನೂ ಹಿಂದಿದೆ. 1970ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಹೆರಾಯಿನ್ ಚಟಕ್ಕೆ ಹುಡುಗರು ಸಾಯುತ್ತಿದ್ದಾಗ, ಯಂಗ್ ಲಾರ್ಡ್ಸ್ ಅನ್ನುವ ಪೋರ್ಟೊರಿಕನ್ ಯುವಕರ ಸಂಘಟನೆ ಮುಂತಾದ ಹೋರಾಟಗಾರರು ಲಿಂಕನ್ ಆಸ್ಪತ್ರೆಯ ಒಂದು ಭಾಗವನ್ನೇ ವಶಪಡಿಸಿಕೊಂಡು ಚಟ ಬಿಡಿಸುವ ಕೇಂದ್ರ ತೆರೆಸಿದರು. ಹಾಂಕಾಂಗ್‌ನ ಡಾಕ್ಟರೊಬ್ಬರು ಒಂದೆರಡು ವರ್ಷದ ನಂತರ, ಕಿವಿಗೆ ಸೂಜಿ ಹಾಕಿದಾಗ ಅಫೀಮು ಬಿಟ್ಟವರ ಸಂಕಟ ತಗ್ಗಿದ್ದನ್ನು ಗಮನಿಸಿದರು. ಆ ಸುದ್ದಿ ಬ್ರಾಂಕ್ಸ್‌ಗೆ ಬಂತು. ಅಲ್ಲಿ ಅಕ್ಯುಪಂಕ್ಚರ್ ಕಲಿತವರಲ್ಲಿ ಒಬ್ಬ ಮುಟುಲು ಶಕೂರ್, ರ್‍ಯಾಪ್ ಗಾಯಕ ಟುಪಾಕ್‌ನ ಮಲತಂದೆ. ಸಾಲಾಗಿ ಕುರ್ಚಿ ಹಾಕಿ ಕಿವಿಯ ಐದು ಕಡೆ ಸೂಜಿ ಹಾಕುವ ಪದ್ಧತಿ ಬೆಳೆದದ್ದು ಅಲ್ಲಿ. ಇವತ್ತು ಸ್ಪಾ ಮೆನುವಿನಲ್ಲಿ ಫೇಶಿಯಲ್ ಪಕ್ಕ ಕೂತಿರುವ ವಿದ್ಯೆಗೆ ಇಂಥ ಪೂರ್ವಾಶ್ರಮ ಇದೆ ಅಂತ ಯಾರೂ ಹೇಳುವುದಿಲ್ಲ.

ಈಗ ಕಾಮೆಂಟಿನಲ್ಲಿ "ಇದೆಲ್ಲ ಪ್ಲಸೀಬೋ ಸಾರ್", ಅಂದರೆ ಬರೀ ನಂಬಿಕೆಯಿಂದ ಗುಣವಾದ ಹಾಗೆ ಅನ್ನಿಸುವುದು, ಅಂತ ಬರುವವರಿಗೆ ನಾನೇ ಮುಂಚಿತವಾಗಿ ದಾಖಲೆ ಕೊಡುತ್ತೇನೆ. ಜರ್ಮನಿಯಲ್ಲಿ 1162 ಸೊಂಟನೋವಿನ ರೋಗಿಗಳ ಮೇಲೆ ಮಾಡಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಚೀನೀ ಶಾಸ್ತ್ರ ಇಲ್ಲೇ ಚುಚ್ಚಬೇಕು ಅನ್ನುವ ಬಿಂದುಗಳಿಗೆ ಸೂಜಿ ಹಾಕಿಸಿಕೊಂಡವರಲ್ಲಿ 47.6 ಶೇಕಡಾ ಜನ ಸುಧಾರಿಸಿದರು. ಬಿಂದುವೇ ಅಲ್ಲದ ಕಡೆ ಆಳಕ್ಕಿಳಿಸದೆ ಚುಚ್ಚಿದ ಸುಳ್ಳು ಚಿಕಿತ್ಸೆಯಲ್ಲಿ 44.2. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ 27.4. ನಂಬುವವರು ಮೂರನೇ ಅಂಕಿ ಹಿಡಿದು ಕುಣಿಯುತ್ತಾರೆ, ನಂಬದವರು ಎರಡನೇ ಅಂಕಿ ಹಿಡಿದು. ನನಗೆ ಕಾಣುವುದು ಬೇರೆ. ಬಿಂದು ಯಾವುದು ಅನ್ನುವುದೇ ಅಷ್ಟು ಮುಖ್ಯ ಅಲ್ಲ ಅಂತಾದರೆ, ಬಿಂದು ಗೊತ್ತು ಅಂತ 120 ಡಾಲರ್ ಯಾಕೆ? ಆ ಪ್ರಯೋಗದಲ್ಲೂ ವಾರಕ್ಕೆರಡರಂತೆ ಹತ್ತು ಸಲ ಸೂಜಿ ಹಾಕಿದ್ದರು. ಹತ್ತು ಸಲ ಹೋಗಲಾಗದ ರೇಟಿಟ್ಟು, ಒಂದೇ ಸಲ ಬಂದವನಿಗೆ "ನಿಮ್ಮ ಚಿ (ಮೈಯಲ್ಲಿ ಹರಿಯುತ್ತದೆ ಅನ್ನುವ ಪ್ರಾಣಶಕ್ತಿ) ಹರಿವು ಸರಿಯಿಲ್ಲ" ಅಂದರೆ ಏನು ಬಂತು? ನನ್ನ ಮಟ್ಟಿಗೆ ರೇಟೂ ಚಿಕಿತ್ಸೆಯ ಭಾಗವೇ. ಈ ಚಿ ಅನ್ನುವುದರ ಮೇಲೆ ನನಗೆ ನಂಬಿಕೆಯಿಲ್ಲ. ಹೆಗಲು ಹನ್ನೆರಡು ಸಿಟ್ಟಿಂಗಿನಲ್ಲಿ ಮುಕ್ಕಾಲು ಸರಿಯಾಯಿತು, ಕಾಲವೇ ಮಾಡಿದ್ದಿರಲೂಬಹುದು.

ಗಿಡಮೂಲಿಕೆ ವಿಷಯಕ್ಕೆ ಬಂದರೆ ಮಾತ್ರ ನಾನು ಹಿಂದೆ ಸರಿಯುತ್ತೇನೆ. 1990ರ ದಶಕದ ಮೊದಲಲ್ಲಿ ಬೆಲ್ಜಿಯಂನಲ್ಲಿ ತೆಳ್ಳಗಾಗಲು ಚೀನೀ ಮೂಲಿಕೆ ನುಂಗಿದ ನೂರಕ್ಕೂ ಹೆಚ್ಚು ಜನರ ಕಿಡ್ನಿಗೆ ಪೆಟ್ಟು ಬಿತ್ತು, ಒಂದು ಬೇರಿನ ಬದಲು ಅರಿಸ್ಟೊಲೋಕಿಯಾ ಅನ್ನುವ ಇನ್ನೊಂದು ಬೇರು ಸೇರಿತ್ತು. ನ್ಯಾಚುರಲ್ ಅಂತೆ. ಉಮ್ಮತ್ತಿ ಕಾಯಿಯೂ ನ್ಯಾಚುರಲ್ಲೇ. ಸೂಜಿಯೂ ಪೂರ್ತಿ ಸಾಧು ಅಲ್ಲ, ಎದೆ ಭಾಗದಲ್ಲಿ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ನನಗಾದ ಅನಾಹುತ ಇಷ್ಟೇ: ನೆತ್ತಿಯ ಒಂದು ಸೂಜಿ ತೆಗೆಯಲು ಮರೆತಿದ್ದರು, ಮನೆಯಲ್ಲಿ ತಲೆ ಬಾಚುವಾಗ ಬಾಚಣಿಗೆಗೆ ಸಿಕ್ಕಿತು. ಮಾರನೇ ದಿನ ಹೇಳಿದೆ. ಆಮೇಲೆ ಹಾಕುವಾಗಲೂ ತೆಗೆಯುವಾಗಲೂ ಎಣಿಸುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಸಾಗರದಿಂದ ಅಮ್ಮ ಬಂದಿದ್ದಳು. ಎಪ್ಪತ್ತೊಂದು ವರ್ಷ, ಮಂಡಿನೋವು, ವಿಸಿಟರ್ ಇನ್ಶೂರೆನ್ಸು ಹಳೇ ಕಾಯಿಲೆಗೆ ನಯಾಪೈಸೆ ಕೊಡುವುದಿಲ್ಲ. ಕರೆದುಕೊಂಡು ಹೋದೆ. ಸೂಜಿಗೆ ಹೆದರಲಿಲ್ಲ, ದುಡ್ಡಿಗೆ ಗಲಿಬಿಲಿಯಾದಳು. "ಎಷ್ಟು ಅಂತ ಹೇಳದೆ ಹೆಂಗೆ ಕೊಡೋದು?" ಅಂತ ನನ್ನನ್ನು ಕೇಳಿ, ಉತ್ತರ ಕಾಯದೆ ತಾನೇ ಹೇಳಿಕೊಂಡಳು, ಊರಲ್ಲಿ ಕೈ ಮುರಿದಾಗ ಕಟ್ಟು ಹಾಕುವ ನಾಟಿ ವೈದ್ಯರಿಗೆ ಎಲೆ ಅಡಿಕೆ ಮೇಲೆ ಕೈಲಾದಷ್ಟು ಇಡುತ್ತಿದ್ದೆವಲ್ಲ, ಹಂಗೇ ಅಂತ. ಎರಡನೇ ಸಲ ಡಬ್ಬಿ ತುಂಬ ಚಕ್ಕುಲಿ ಒಯ್ದಳು. ಬೂಟಿನ ಮನುಷ್ಯನಿಗೂ ಎರಡು ಸಿಕ್ಕವು.

ಮೊನ್ನೆ ಫೋನಿನಲ್ಲಿ ಮಂಡಿ ಹೆಂಗಿದೆ ಅಂತ ಕೇಳಿದೆ. "ಹಂಗೇ ಇದೆ. ಅಲ್ಲಿ ಬಂದಂಥ ನಿದ್ದೆ ಇಲ್ಲಿ ಬರ್ತಿಲ್ಲ ನೋಡು. ಆ ಕುರ್ಚಿ ಶಿವಮೊಗ್ಗದಲ್ಲಿ ಸಿಗತ್ತಾ?"