ಐದೇ ನಿಮಿಷ, ಗ್ರೌಂಡ್ ನೋಡಿ ಬರೋಣ

ಏಪ್ರಿಲ್ ರಜೆಗೆ ಮಡಿಕೇರಿ ಹತ್ತಿರ ಒಂದು ಹೋಮ್‌ಸ್ಟೇ ಬುಕ್ ಮಾಡಬೇಕಿತ್ತು. ನಮ್ಮನೆಯವರೇ ಫೋನ್ ಮಾಡಿದರು. ಬಿಸಿನೀರು ಬರುತ್ತಾ, ಅತ್ತೆಗೆ ಕೆಳಗಿನ ರೂಮ್ ಸಿಗುತ್ತಾ, ಊಟಕ್ಕೇನು, ಯಾವುದನ್ನೂ ಕೇಳಲಿಲ್ಲ. "ಟಿವಿ ಇದೆಯಾ?" ಅಂದರು. ಆ ಕಡೆಯವರು ಪಾಪ, ಕಾಫಿ ತೋಟ, ತೊರೆ, ಹಕ್ಕಿಗಳ ಬಗ್ಗೆ ಹೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. "ಅದೆಲ್ಲಾ ಸರಿ, ಏಳೂವರೆ ಮೇಲೆ ಕರೆಂಟ್ ಹೋಗಲ್ಲ ತಾನೇ?" ಅಂದರು ಇವರು.

ಮಕ್ಕಳಿಗೆ ದೊಡ್ಡ ರಜೆ ಸಿಗೋದು ಏಪ್ರಿಲ್, ಮೇನಲ್ಲಿ. 2008ರಿಂದ ಐಪಿಎಲ್ ಬರೋದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇದನ್ನು ಯೋಚನೆ ಮಾಡಿದವರ ಮನೆಯಲ್ಲಿ ಸ್ಕೂಲಿಗೆ ಹೋಗೋ ಮಕ್ಕಳು ಇರಲಿಲ್ಲವೇನೋ.

ಟಿವಿಯನ್ನಾದರೂ ಸಹಿಸಬಹುದು. ದಾರಿಯೇ ಕಷ್ಟ. ಇವರ ತಲೆಯಲ್ಲಿರುವ ಕರ್ನಾಟಕದ ನಕ್ಷೆಯಲ್ಲಿ ಕೋಟೆ, ಜಲಪಾತ ಯಾವುದೂ ಇಲ್ಲ. ಮೈದಾನಗಳಿವೆ, ಆಟಗಾರರು ಹುಟ್ಟಿದ ಊರುಗಳಿವೆ. ಜೋಗಕ್ಕೆ ಹೊರಟರೆ ಭದ್ರಾವತಿಯಲ್ಲಿ ಕಾರು ನಿಲ್ಲುತ್ತದೆ, ಜಿ.ಆರ್. ವಿಶ್ವನಾಥ್ ಹುಟ್ಟಿದ ಊರು ಅಂತ. ಅಲ್ಲಿ ನೋಡೋದೇನಿದೆ ಅಂದರೆ, "ಸುಮ್ನೆ, ಒಂದು ಟೀ ಕುಡಿಯೋಣ" ಅಂತಾರೆ. ಹಂಪಿ ನೋಡಿದ ಮೇಲೆ "ಗದಗಿಗೂ ಹೋಗಿಬರೋಣ" ಅಂದಾಗ ನನಗೆ ಖುಷಿಯೋ ಖುಷಿ. ವೀರನಾರಾಯಣ ದೇವಸ್ಥಾನ, ಕುಮಾರವ್ಯಾಸ ಕೂತು ಭಾರತ ಬರೆದ ಅಂತ ಹೇಳುವ ಆ ಕಂಬ! ಇವರು ಹೊರಟಿದ್ದು ಸುನಿಲ್ ಜೋಶಿಯ ಊರಿಗೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ನಾನು ಕಂಬದ ಮುಂದೆ ನಿಂತು ಗದುಗಿನ ಭಾರತದ ಒಂದು ಪದ್ಯ ನೆನಪು ಮಾಡಿಕೊಳ್ಳೋಣ ಅಂತ ಕಣ್ಣು ಮುಚ್ಚಿದರೆ ಬಂದದ್ದು ಹತ್ತು, ಆರು, ಆರು, ಐದು. ಇದಕ್ಕೆ ಇವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಇಂಥ ಕಡೆಗಳಲ್ಲಿ ಅತ್ತೆ ನನ್ನ ಪರ ನಿಲ್ಲಬೇಕು, ಅಲ್ವಾ? ನಿಲ್ಲಲ್ಲ. ದಾರಿಯಲ್ಲಿ ಒಂದು ದೇವಸ್ಥಾನ ಸಿಕ್ಕರೆ ಸಾಕು, ಮಗ ಹೇಳಿದ ಕಡೆಗೆಲ್ಲಾ ಅವರು ತಯಾರು.

ಎಲ್ಲಕ್ಕಿಂತ ಜಾಸ್ತಿ ಕಷ್ಟ ಮೈಸೂರು. ಕೊಡಗಿಗೆ ಹೋಗಬೇಕಾದರೆ ಅದನ್ನು ತಪ್ಪಿಸೋಕಾಗಲ್ಲ. ಬಿಡದಿ ದಾಟುತ್ತಿದ್ದ ಹಾಗೇ ಕಥೆ ಶುರುವಾಗುತ್ತದೆ. ಮೊದಲಾದರೆ ಮದ್ದೂರಿನಲ್ಲಿ ಇಳಿದು, ಬಾಯಿಗೊಂದು ವಡೆ ಕೊಟ್ಟು ಕಥೆ ನಿಲ್ಲಿಸಬಹುದಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂತು. ಈಗ ಮದ್ದೂರೂ ಇಲ್ಲ, ಮಂಡ್ಯವೂ ಇಲ್ಲ, ತಡೆಯೋಕೆ ಏನೂ ಇಲ್ಲ.

ಕಥೆ ಇಷ್ಟು. 2010ರ ಜನವರಿ. ಮಾನಸಗಂಗೋತ್ರಿಯ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್. ಎದುರಿಗೆ ಮುಂಬೈ. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಮಕಾಡೆ ಮಲಗಿತು. (ಇಲ್ಲಿ ಒಂದು ನಿಟ್ಟುಸಿರು. ಪ್ರತಿ ಸಲವೂ ಇಲ್ಲೇ.) ಎರಡನೇ ಇನಿಂಗ್ಸ್‌ನಲ್ಲಿ ಗೆಲ್ಲೋಕೆ 338 ಬೇಕು. ಇಪ್ಪತ್ತು ವರ್ಷದ ಮನೀಶ್ ಪಾಂಡೆ ಬಂದ. ಜೊತೆಗೆ ಗಣೇಶ್ ಸತೀಶ್. ಇವರಿಬ್ಬರೂ ಆಡುತ್ತಾ ಹೋದ ಹಾಗೆ ನಮ್ಮ ಕಾರಿನ ವೇಗವೂ ಏರುತ್ತದೆ. ನಾನು ಸ್ಪೀಡ್ ನೋಡಿ ಅನ್ನಬೇಕು. ಮರದ ಮೇಲೆಲ್ಲಾ ಜನ ಇದ್ದರಂತೆ. ಪಾಂಡೆ 144. ಆತ ಔಟಾಗುವುದು ಸಾಮಾನ್ಯವಾಗಿ ಶ್ರೀರಂಗಪಟ್ಟಣದ ಸುತ್ತಮುತ್ತ. ಅಗರ್ಕರ್‌ಗೆ ಐದು ವಿಕೆಟ್. ಕರ್ನಾಟಕ 331ಕ್ಕೆ ಆಲ್ ಔಟ್.

"ಆರು ರನ್ ಕಣ್ರೋ!" ಅಂತ ಸ್ಟೀರಿಂಗ್ ಮೇಲೆ ಒಂದು ಏಟು. ಹಿಂದಿನ ಸೀಟಿನಿಂದ ಮಗಳು ಅದೇ ಕ್ಷಣಕ್ಕೆ ಅದೇ ಮಾತು ಹೇಳುತ್ತಾಳೆ. ತುಟಿ ಮಾತ್ರ ಆಡಿಸಿ.

ಈ ಕಥೆಯಲ್ಲಿ ಇವರು ಬಿಟ್ಟುಬಿಡುವ ಒಂದು ಭಾಗ ಇದೆ. ಅದು ಮದುವೆಯಾದ ಮೇಲೆ ನಮ್ಮ ಮೊದಲ ಸಂಕ್ರಾಂತಿ. ಕೊಬ್ಬರಿ, ಬೆಲ್ಲ ಕತ್ತರಿಸಿ ನನ್ನ ಬೆರಳಲ್ಲಿ ಬೊಬ್ಬೆ ಬಂದಿತ್ತು. ಇವರು ಆಫೀಸ್ ಕೆಲಸ ಅಂತ ಮೈಸೂರಿಗೆ ಹೋಗಿದ್ದರು. ರಾತ್ರಿ ವಾಪಸ್ ಬಂದವರ ಮುಖ ನೋಡಿ ಯಾರೋ ಹೋಗಿಬಿಟ್ಟರು ಅಂದುಕೊಂಡೆ. ಹೆದರಿಕೊಂಡೇ "ಯಾರು?" ಅಂದೆ. "ಆರು ರನ್" ಅಂದರು. ತಟ್ಟೆಯಲ್ಲಿದ್ದ ಎಳ್ಳು ಬೆಲ್ಲ ತಿಂದು ಮಲಗಿಬಿಟ್ಟರು. ಒಳ್ಳೆಯ ಮಾತಾಡಲಿಲ್ಲ. ಯಾವ ಮಾತೂ ಆಡಲಿಲ್ಲ.

2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ಸಲಕ್ಕೆ ಕೊನೆಗೂ ಕಪ್ ಗೆದ್ದಿತು. ಅಹಮದಾಬಾದ್‌ನಲ್ಲಿ, ಪಂಜಾಬ್ ಮೇಲೆ. ಎಷ್ಟು ರನ್ನಿನಿಂದ? ಆರು. ಬೀದಿಯವರೆಲ್ಲಾ ಪಟಾಕಿ ಹೊಡೆಯುತ್ತಿದ್ದರೆ ಇವರು ಸೋಫಾ ಮೇಲೆ ಕೂತು, "ಮೈಸೂರಿನ ಸಾಲ ತೀರಿತು" ಅಂದರು. ಮರುದಿನ ಬೆಂಗಳೂರಿನಲ್ಲಿ ಸ್ಟೇಡಿಯಂ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ 11 ಜನ ಸತ್ತರು. ಆಮೇಲೆ ತುಂಬಾ ದಿನ ನಮ್ಮ ಮನೆಯಲ್ಲಿ ಯಾರೂ ಆ ಕಪ್ಪಿನ ಮಾತೆತ್ತಲಿಲ್ಲ.

ಸಾಲ ತೀರಿದ ಮೇಲೆ ಮೈಸೂರಿನಲ್ಲಿ ನಿಲ್ಲಿಸುವ ಅಗತ್ಯ ಇಲ್ಲ ಅಂತ ನನ್ನ ಲೆಕ್ಕ. ಈ ಸಲವೂ ಕಾರು ನೇರ ಗಂಗೋತ್ರಿ ಕಡೆ ತಿರುಗಿತು. ಐದೇ ನಿಮಿಷ ಅಂದವರು ಬೇಲಿ ಹಿಡಿದು ನಿಂತುಬಿಟ್ಟರು. ಖಾಲಿ ಮೈದಾನ. ಮಗನಿಗೆ ಪಾಂಡೆ ಹೊಡೆದ ದಿಕ್ಕುಗಳನ್ನೆಲ್ಲಾ ತೋರಿಸಿದರು. ಅತ್ತೆ ಕಾರಿನಲ್ಲೇ ಕೂತು ಚಿತ್ರಾನ್ನದ ಡಬ್ಬಿ ತೆಗೆದರು. ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋಗ್ತೀನಿ ಅಂತ ಅವರಿಗೆ ಮೊದಲೇ ಮಾತಾಗಿತ್ತಲ್ಲ.

ಕೊಡಗಿನಲ್ಲಿ ಮಾತ್ರ ಸ್ವಲ್ಪ ಮಜಾ ಆಯಿತು. ಅಲ್ಲಿ ಈ ದಿನಗಳಲ್ಲಿ ಕೊಡವ ಕುಟುಂಬಗಳ ಹಾಕಿ ನಡೆಯುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಶುರು ಮಾಡಿದ್ದು. ವರ್ಷಕ್ಕೊಂದು ಮನೆತನ ನಡೆಸಿಕೊಡುತ್ತದೆ. 60 ಮನೆತನಗಳಿಂದ ಶುರುವಾದದ್ದು 2024ರಲ್ಲಿ ನಾಪೋಕ್ಲಿನಲ್ಲಿ 360 ಆಯಿತು. ಒಂದೇ ತಂಡದಲ್ಲಿ ಅಜ್ಜ, ಸೊಸೆ, ಮೊಮ್ಮಗಳು ಎಲ್ಲಾ ಆಡಬಹುದು. ನಾನೂ ಅತ್ತೆಯೂ ಆರಾಮಾಗಿ ಕೂತೆವು. ಸ್ಕೋರ್ ಎಷ್ಟು ಅಂತ ಕೇಳುವ ಮನಸ್ಸೂ ಆಗಲಿಲ್ಲ. ಸೊಸೆ ಒಬ್ಬಳು ಯಾರಿಗೋ ಜೋರಾಗಿ ಬೈಯುತ್ತಾ ಚೆಂಡು ಕಸಿದುಕೊಂಡಾಗ ಮಾತ್ರ ನಾನು ಅತ್ತೆಯ ಮುಖ ನೋಡಲಿಲ್ಲ. ಇವರು? ಮೈದಾನಕ್ಕೆ ಬೆನ್ನು ಹಾಕಿ ಮೊಬೈಲ್ ಎತ್ತಿ ಹಿಡಿದು ಟವರ್ ಹುಡುಕುತ್ತಿದ್ದರು. "ಹೊರಡೋಣ, ಟಾಸ್ ಟೈಮ್ ಆಯಿತು" ಅಂತ ಎಲ್ಲರನ್ನೂ ಎಬ್ಬಿಸಿದರು. ಆಟದ ಹುಚ್ಚು ಅಂತ ನಾನು ಊರೆಲ್ಲಾ ಹೇಳಿಕೊಂಡು ಬಂದಿದ್ದೆ. ಕಣ್ಣೆದುರಿಗೆ ಆಡುತ್ತಿದ್ದದ್ದು ಆಟ ಅಲ್ಲವಂತೆ.

ದಸರಾ ರಜೆಗೆ ಜಾಗ ನಾನೇ ಆರಿಸುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ. ಕಾರವಾರ. ಮುಂದೆ ಸಮುದ್ರ, ಹಿಂದೆ ಬೆಟ್ಟ. ಕ್ರಿಕೆಟ್ಟಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಧೈರ್ಯ ಇತ್ತು. ಇವರು ತಕ್ಷಣ ಒಪ್ಪಿದಾಗಲೇ ಅನುಮಾನ ಬಂತು.

"ಕಾರವಾರದಿಂದ ಮಡಗಾಂವ್ ಹತ್ತಿರ. ದಿಲೀಪ್ ಸರ್ದೇಸಾಯಿ ಹುಟ್ಟಿದ್ದು ಅಲ್ಲೇ. 1971ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ 642 ರನ್, ಗೊತ್ತಾ?"

ಅತ್ತೆ ಹೂ ಕಟ್ಟುತ್ತಿದ್ದವರು ತಲೆ ಎತ್ತಿದರು. "ಮಂಗೇಶಿ ದೇವಸ್ಥಾನ ಆ ಕಡೇನೇ ಅಲ್ವೇನೋ?"